ಸರ್ವಿಸ್ ರೀಸ್ಟಾರ್ಟ್ ಮಾಡಿದ್ದೇ ಸ್ಕ್ರೀನ್ ಕಪ್ಪಾಯಿತೇ? ಲಿನಕ್ಸ್ ಡೆಸ್ಕ್‌ಟಾಪನ್ನು ಮರಳಿ ಎಬ್ಬಿಸುವ ಕ್ರಮ

ಉಬುಂಟು ಅಥವಾ ಡೆಬಿಯನ್‌ನಲ್ಲಿ ಅಪ್‌ಡೇಟ್ ಮುಗಿಯುವ ಹೊತ್ತಿಗೆ ನೀಡ್‌ರೀಸ್ಟಾರ್ಟ್ ಎಂಬ ಸಣ್ಣ ಪ್ರೋಗ್ರಾಂ (ಗಣಕದಲ್ಲಿ ಅದು ಇದ್ದರೆ) ಒಂದು ಪಟ್ಟಿಯನ್ನು ಮುಂದಿಡುತ್ತದೆ. ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಹೊಸದಾಗಿದೆ, ಆದರೆ ಈ ಸರ್ವಿಸ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ಇನ್ನೂ ಹಳೆಯದನ್ನೇ ಹಿಡಿದುಕೊಂಡು ಓಡುತ್ತಿವೆ ಎಂದು ಅದರ ದೂರು. ಕೆಲವನ್ನು ತಾನೇ ರೀಸ್ಟಾರ್ಟ್ ಮಾಡುತ್ತದೆ. ಇನ್ನು ಕೆಲವನ್ನು ಮುಟ್ಟದೆ, ‘ಡಿಫರ್ಡ್’ ಎಂಬ ತಲೆಬರಹದ ಕೆಳಗೆ ಪೂರ್ತಿ ಕಮಾಂಡ್ ರೂಪದಲ್ಲೇ ಬರೆದು ತೋರಿಸುತ್ತದೆ. ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿಬಸ್, ಲಾಗಿನ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ-ಲಾಗಿನ್‌ಡಿ (ಮುಂದೆ ಬರಿಯ ಲಾಗಿನ್‌ಡಿ), ನಿಮ್ಮ ಹೆಸರಿನ ಸರ್ವಿಸ್‌ಗಳನ್ನು ಓಡಿಸುವ ಯೂಸರ್@1000 ಇವೆಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಕಣ್ಣೆದುರಿಗೇ ಕಮಾಂಡ್ ಇದೆಯಲ್ಲ ಎಂದು ಕಾಪಿ ಮಾಡಿ ಟರ್ಮಿನಲ್‌ಗೆ ಪೇಸ್ಟ್ ಮಾಡಿದರೆ ಮುಗಿಯಿತು: ಸ್ಕ್ರೀನ್ ಕಪ್ಪಾಗುತ್ತದೆ, ಇಲ್ಲವೇ ತೆರೆದಿದ್ದ ಎಲ್ಲ ವಿಂಡೋಗಳೂ ಹೋಗಿ ಲಾಗಿನ್ ಪುಟ ಬಂದು ನಿಲ್ಲುತ್ತದೆ.

ಇದೇ ಗುಂಡಿಗೆ ಬೀಳುವ ಎರಡನೇ ದಾರಿ ಲ್ಯಾಪ್‌ಟಾಪ್ ಮುಚ್ಚಳದ್ದು. ಮುಚ್ಚಿದರೂ ನಿದ್ದೆಗೆ ಹೋಗಬಾರದು ಎಂದು ಲಾಗಿನ್‌ಡಿ.ಕಾನ್ಫ್ ಕಡತದಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಸಾಲನ್ನು ಬದಲಿಸುತ್ತಾರೆ, ಅದು ಜಾರಿಗೆ ಬರಲಿ ಎಂದು ಲಾಗಿನ್‌ಡಿಯನ್ನು ರೀಸ್ಟಾರ್ಟ್ ಮಾಡುತ್ತಾರೆ.

ಒಂದು ಸೂಚನೆ ಮೊದಲೇ ಹೇಳಿಬಿಡಬೇಕು. ಕೆಳಗಿನ ಕಮಾಂಡ್, ಕಡತದ ಹೆಸರು, ದೋಷದ ಸಾಲುಗಳನ್ನೆಲ್ಲ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ. ಬೇರೆ ಹೇಳದಿದ್ದಲ್ಲಿ ಎಲ್ಲವೂ ಸಣ್ಣಕ್ಷರ.

ಪವರ್ ಬಟನ್‌ಗೆ ಕೈ ಹಾಕಬೇಡಿ

ಸ್ಕ್ರೀನ್ ಹೋದರೆ ಸಿಸ್ಟಮ್ ಹೋಯಿತು ಎಂದು ಅರ್ಥವಲ್ಲ. ಸಿಸ್ಟಮ್‌ನ ತಿರುಳಾದ ಕರ್ನಲ್ ಓಡುತ್ತಿರುತ್ತದೆ, ಡಿಸ್ಕ್ ಮೇಲೆ ಬರವಣಿಗೆ ನಡೆಯುತ್ತಿರುತ್ತದೆ, ಅಪ್‌ಡೇಟ್ ಅರ್ಧದಲ್ಲಿದ್ದರೆ ಪ್ಯಾಕೇಜ್ ಹಾಕುವ ಡಿಪಿಕೆಜಿ ಇನ್ನೂ ಕೆಲಸ ಮಾಡುತ್ತಿರಲೂಬಹುದು. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ, ಸ್ಕ್ರೀನ್ ಮಾತ್ರ ಹೋಗಿದ್ದ ಗಣಕ ಬೂಟ್ ಕೂಡ ಆಗದ ಸ್ಥಿತಿಗೆ ಬರಬಹುದು. ಕರ್ನಲ್ ಪ್ಯಾಕೇಜ್ ಬಿಚ್ಚಿಕೊಂಡು, ಅದರ ಇನಿಟ್‌ರ್‍ಯಾಮ್‌ಎಫ್‌ಎಸ್ (ಬೂಟ್‌ನ ಆರಂಭಕ್ಕೆ ಬೇಕಾದ ಕಡತ) ಇನ್ನೂ ತಯಾರಾಗಿರದ ಗಳಿಗೆ ಅತಿ ಅಪಾಯದ್ದು. ಮುಂದಿನ ಬೂಟ್‌ನಲ್ಲಿ ರೂಟ್ ಫೈಲ್‌ಸಿಸ್ಟಮ್ ಸಿಗದೆ ಕರ್ನಲ್ ಪ್ಯಾನಿಕ್ ಆಗುವುದು ಇದರಿಂದಲೇ.

ಮೊದಲು ಕಂಟ್ರೋಲ್+ಆಲ್ಟ್+ಎಫ್3 ಒತ್ತಿ. ಉಬುಂಟುವಿನಲ್ಲಿ ಡಿಸ್‌ಪ್ಲೇ ಮ್ಯಾನೇಜರ್ ಆದ ಜಿಡಿಎಂ ತೋರಿಸುವ ಲಾಗಿನ್ ಪುಟ ಮೊದಲ ಟಿಟಿವೈಯಲ್ಲಿ (ಕೀಲಿಯಿಂದ ಬದಲಿಸಬಹುದಾದ ಪ್ರತ್ಯೇಕ ಪರದೆ), ನಿಮ್ಮ ಸೆಷನ್ ಎರಡನೆಯದರಲ್ಲಿ ಇರುವುದರಿಂದ ಎಫ್3ರಿಂದ ಎಫ್6ರವರೆಗೆ ಬರಿಯ ಅಕ್ಷರಗಳ ಲಾಗಿನ್ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಯನ್ನೂ ಸೇರಿಸಿ ಒತ್ತಬೇಕು. ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ.

ಇಲ್ಲಿ ಒಂದು ಲಕ್ಷಣ ಗಮನಿಸಿ. ಪಾಸ್‌ವರ್ಡ್ ಕೊಟ್ಟ ಮೇಲೆ ಪ್ರಾಂಪ್ಟ್ ಬರಲು ಸುಮಾರು 25 ಸೆಕೆಂಡ್ ಹಿಡಿದರೆ, ಕಾರಣ ಬಹುಮಟ್ಟಿಗೆ ಅಲ್ಲೇ ಗೊತ್ತಾದಂತೆ. ಲಾಗಿನ್ ಆಗುವಾಗ ಲಾಗಿನ್ ಪರೀಕ್ಷಿಸುವ ಪ್ಯಾಮ್ ಘಟಕವು ಲಾಗಿನ್‌ಡಿಯನ್ನು ಡಿಬಸ್ ಮೂಲಕ ಕರೆದು, ಇವರಿಗೊಂದು ಸೆಷನ್ ಕೊಡು ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಡಿಬಸ್ ಕರೆಯ ಸಾಮಾನ್ಯ ಗಡುವಾದ 25 ಸೆಕೆಂಡ್ ಕಾದು ಕೈಬಿಡುತ್ತದೆ. ಬೇರೆ ಗಣಕದಿಂದ ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಎಸ್‌ಎಸ್‌ಎಚ್ ಬಳಸಿದಾಗಲೂ ಇದೇ ತಡ ಕಾಣುತ್ತದೆ. ಹಾಗಿದ್ದರೆ ಗ್ರಾಫಿಕ್ಸ್ ಡ್ರೈವರ್ ಹಿಂದೆ ಬೀಳಬೇಡಿ, ಡಿಬಸ್ ಮತ್ತು ಲಾಗಿನ್‌ಡಿಯನ್ನು ನೋಡಿ.

ಕೀಬೋರ್ಡೇ ಕೆಲಸ ಮಾಡದಿದ್ದರೆ ಎಸ್‌ಎಸ್‌ಎಚ್ ಒಂದೇ ಒಳ್ಳೆಯ ದಾರಿ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಓಪನ್‌ಎಸ್‌ಎಸ್‌ಎಚ್-ಸರ್ವರ್ ಮೊದಲಿಂದ ಇರುವುದಿಲ್ಲ, ಗಣಕ ಚೆನ್ನಾಗಿರುವಾಗಲೇ ಹಾಕಿಟ್ಟಿರಬೇಕು. ಅದೂ ಇಲ್ಲವೆಂದಾದರೆ ಸಿಸ್‌ಆರ್‌ಕ್ಯೂ ಕೀ (ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀ) ಉಳಿದಿದೆ. ಆಲ್ಟ್+ಸಿಸ್‌ಆರ್‌ಕ್ಯೂ+ಆರ್ ಒತ್ತಿದರೆ ಕೀಬೋರ್ಡ್ ಎಕ್ಸ್ ಸರ್ವರ್ (ಸ್ಕ್ರೀನ್ ಮೇಲೆ ವಿಂಡೋ ತೋರಿಸುವ ಪ್ರೋಗ್ರಾಂ) ಕೈಯಿಂದ ಬಿಡಿಸಿಕೊಂಡು ಕರ್ನಲ್ ಕೈಗೆ ಬರುತ್ತದೆ, ಆಮೇಲೆ ಕಂಟ್ರೋಲ್+ಆಲ್ಟ್+ಎಫ್3 ಕೆಲಸ ಮಾಡಬಹುದು. ಆದರೆ ಉಬುಂಟುವಿನಲ್ಲಿ ಸಿಸ್‌ಆರ್‌ಕ್ಯೂ ಬೆಲೆ 176 ಇರುತ್ತದೆ. ಅಂದರೆ 16, 32, 128 ಈ ಮೂರಕ್ಕೆ ಮಾತ್ರ ಅನುಮತಿ: ಡಿಸ್ಕ್‌ಗೆ ಬರೆದು ಮುಗಿಸುವುದು, ಓದಲಷ್ಟೇ ಆಗುವಂತೆ ಮೌಂಟ್ ಮಾಡುವುದು, ರೀಬೂಟ್. ಆರ್ ಅದರಲ್ಲಿ ಇಲ್ಲ. ಡೆಬಿಯನ್‌ನ ಬೆಲೆ 438, ಅಲ್ಲಿ ಆರ್ ನಡೆಯುತ್ತದೆ. ಕೊನೆಯ ಉಪಾಯವಾಗಿ ಎರಡರಲ್ಲೂ ಆಲ್ಟ್+ಸಿಸ್‌ಆರ್‌ಕ್ಯೂ ಹಿಡಿದು ಎಸ್, ಯು, ಬಿ ಎಂದು ಒಂದೊಂದರ ನಡುವೆ ಎರಡು ಮೂರು ಸೆಕೆಂಡ್ ಬಿಟ್ಟು ಒತ್ತಿದರೆ, ಪವರ್ ಬಟನ್‌ಗಿಂತ ಎಷ್ಟೋ ಮೇಲು.

ಒಳಗೆ ಹೋದ ಮೇಲೆ ಮೊದಲು ಅಪ್‌ಡೇಟ್ ನೋಡಿ

ಡೆಸ್ಕ್‌ಟಾಪ್ ಎಬ್ಬಿಸುವ ಆತುರ ಬೇಡ. ಟರ್ಮಿನಲ್ ವಿಂಡೋದಲ್ಲಿ ಅಪ್‌ಡೇಟ್ ಮಾಡುವ ಆಪ್ಟ್ ಓಡುತ್ತಿದ್ದಾಗ ಸ್ಕ್ರೀನ್ ಹೋಗಿದ್ದರೆ, ಆ ವಿಂಡೋ ಜೊತೆಗೆ ಆಪ್ಟ್ ಕೂಡ ಸತ್ತಿರಬಹುದು. ಇನ್ನೂ ಓಡುತ್ತಿದೆಯೇ ನೋಡಿ:

ಪಿಗ್ರೆಪ್ -ಎ ಆಪ್ಟ್
ಪಿಗ್ರೆಪ್ -ಎ ಡಿಪಿಕೆಜಿ

ಓಡುತ್ತಿದ್ದರೆ ಕಾಯಿರಿ. ಬಹಳ ಹೊತ್ತಾದರೂ ಅಲ್ಲಾಡದಿದ್ದರೆ /ವರ್/ಲಾಗ್/ಆಪ್ಟ್/ಟರ್ಮ್.ಲಾಗ್ ಕಡತದ ಕೊನೆಯ ಸಾಲುಗಳನ್ನು ನೋಡಿ. ಬದಲಾದ ಕಾನ್ಫಿಗ್ ಕಡತವನ್ನು ಇಟ್ಟುಕೊಳ್ಳಲೋ ಹೊಸದನ್ನು ಹಾಕಲೋ ಎಂಬ ಪ್ರಶ್ನೆ ಕೇಳಿ, ಈಗ ಇಲ್ಲದ ವಿಂಡೋದಿಂದ ಉತ್ತರ ಬರುತ್ತದೆಂದು ಕಾಯುತ್ತಿರುವುದು ಸಾಮಾನ್ಯ. ಆಗ ಮಾತ್ರ ಆ ಪ್ರಕ್ರಿಯೆಯ ಸಂಖ್ಯೆಗೆ ಸಾದಾ ಕಿಲ್ ಕೊಡಿ, -9 ಬೇಡ. ಲಾಕ್ ಕಡತಗಳನ್ನು ಅಳಿಸಿ ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತಿರುತ್ತದೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಹಿಡಿದಿರುವ ಪ್ರಕ್ರಿಯೆ ಹೋದರೆ ಲಾಕ್ ತಾನಾಗಿಯೇ ಸಡಿಲವಾಗುತ್ತದೆ. ಪ್ರಕ್ರಿಯೆ ಇರುವಾಗ ಕಡತ ಅಳಿಸಿದರೆ ಇಬ್ಬರು ಒಟ್ಟಿಗೆ ಡೇಟಾಬೇಸ್‌ಗೆ ಬರೆದು ಅದನ್ನೇ ಕೆಡಿಸುತ್ತಾರೆ.

ಏನೂ ಓಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ ಇನ್‌ಸ್ಟಾಲ್ -ಎಫ್
ಸುಡೊ ಡಿಪಿಕೆಜಿ --ಆಡಿಟ್

ಮೂರನೆಯದು ಏನೂ ಹೇಳದೆ ಪ್ರಾಂಪ್ಟ್‌ಗೆ ಮರಳಿದರೆ ಎಲ್ಲ ಪ್ಯಾಕೇಜ್ ನೆಟ್ಟಗಿದೆ. ಎರಡನೆಯದಕ್ಕೆ ನೆಟ್‌ವರ್ಕ್ ಬೇಕಾಗಬಹುದು. ವೈಫೈ ಪಾಸ್‌ವರ್ಡ್ ನಿಮ್ಮ ಕೀರಿಂಗ್‌ನಲ್ಲಿ (ಡೆಸ್ಕ್‌ಟಾಪ್‌ನ ಪಾಸ್‌ವರ್ಡ್ ಭಂಡಾರ) ಮಾತ್ರ ಇದ್ದರೆ ಟಿಟಿವೈಯಲ್ಲಿ ಅದು ತಾನಾಗಿ ಸೇರಿಕೊಳ್ಳುವುದಿಲ್ಲ. ಎನ್‌ಎಂಟಿಯುಐ ಎಂದು ಕೊಟ್ಟು ಪಟ್ಟಿಯಿಂದ ಆರಿಸಿ, ಇಲ್ಲವೇ ಫೋನ್‌ನಿಂದ ಯುಎಸ್‌ಬಿ ಟೆಥರಿಂಗ್ ಮಾಡಿ.

ಅಪ್‌ಡೇಟ್‌ನಲ್ಲಿ ಕರ್ನಲ್ ಇದ್ದರೆ ಇನ್ನೂ ಒಂದು ಕೆಲಸ. ಎಲ್‌ಎಸ್ -ಎಲ್ /ಬೂಟ್ ಕೊಟ್ಟು, ಪ್ರತಿ ವಿಎಂಲಿನಝ್ (ಕರ್ನಲ್) ಕಡತಕ್ಕೂ ಅದೇ ಆವೃತ್ತಿಯ ಇನಿಟ್‌ಆರ್‌ಡಿ.ಐಎಂಜಿ ಇದೆಯೇ, ಅದರ ಗಾತ್ರ ಉಳಿದವಕ್ಕೆ ಹತ್ತಿರವಿದೆಯೇ ನೋಡಿ. ಒಂದು ಇಲ್ಲದಿದ್ದರೆ ಅಥವಾ ಸೊನ್ನೆ ಬೈಟ್ ಇದ್ದರೆ:

ಸುಡೊ ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ -ಯು -ಕೆ ಆಲ್
ಸುಡೊ ಅಪ್‌ಡೇಟ್-ಗ್ರಬ್

ಹೊಸ ಕರ್ನಲ್‌ನದು ಇನ್ನೂ ಹುಟ್ಟಿಯೇ ಇಲ್ಲವಾದರೆ -ಯು ಬದಲು -ಸಿ, ಆಲ್ ಬದಲು ಆ ಆವೃತ್ತಿಯ ಸಂಖ್ಯೆ. /ಬೂಟ್ ವಿಭಾಗ ತುಂಬಿದೆ ಎಂಬ ದೂರು ಬಂದರೆ ಹಳೆಯ ಕರ್ನಲ್ ತೆಗೆಯಲು ಆಪ್ಟ್ ಆಟೊರಿಮೂವ್ ಸಾಕು. ಇಷ್ಟಾಗುವವರೆಗೆ ರೀಬೂಟ್ ಮಾಡಬೇಡಿ.

ಫೆಡೋರಾದಲ್ಲಿ ಇದೇ ಕೆಲಸಕ್ಕೆ ಸುಡೊ ಡಿಎನ್‌ಎಫ್ ಚೆಕ್. ಒಂದೇ ಪ್ಯಾಕೇಜ್‌ನ ಹಳೆಯ, ಹೊಸ ಎರಡೂ ಪ್ರತಿ ದಾಖಲಾಗಿದ್ದರೆ ಅದು ಹೇಳುತ್ತದೆ. ಫೆಡೋರಾ 40ರವರೆಗಿನ ಡಿಎನ್‌ಎಫ್‌ನಲ್ಲಿ ಡಿಎನ್‌ಎಫ್ ರಿಮೂವ್ --ಡೂಪ್ಲಿಕೇಟ್ಸ್ ಅದನ್ನು ಸರಿಮಾಡುತ್ತಿತ್ತು.

ಒಂದು ಸರ್ವಿಸ್ ಹೋದರೆ ಇಡೀ ಡೆಸ್ಕ್‌ಟಾಪ್ ಯಾಕೆ ಹೋಗುತ್ತದೆ

ಹಿಂದೆ ಎಕ್ಸ್ ಸರ್ವರ್ ರೂಟ್ ಅಧಿಕಾರದಲ್ಲೇ ಓಡುತ್ತಿತ್ತು. ಗ್ರಾಫಿಕ್ಸ್ ಕಾರ್ಡ್, ಕೀಬೋರ್ಡ್, ಮೌಸ್ ಎಲ್ಲವನ್ನೂ ತಾನೇ ತೆರೆದುಕೊಳ್ಳುತ್ತಿತ್ತು. 2014ರಲ್ಲಿ ಬಂದ ಎಕ್ಸ್.ಆರ್ಗ್ ಸರ್ವರ್ 1.16ರಿಂದ ಅದು ಸಾಮಾನ್ಯ ಬಳಕೆದಾರನ ಹೆಸರಿನಲ್ಲೂ ಓಡಬಲ್ಲದು. ಆದರೆ ಸಾಮಾನ್ಯ ಬಳಕೆದಾರನಿಗೆ /ಡೆವ್/ಡಿಆರ್‌ಐ/ಕಾರ್ಡ್0 ಅಥವಾ /ಡೆವ್/ಇನ್‌ಪುಟ್ ಒಳಗಿನ ಸಾಧನಗಳನ್ನು ನೇರವಾಗಿ ಹಿಡಿಯುವ ಹಕ್ಕಿಲ್ಲ. ಆ ಹಕ್ಕಿರುವ ಲಾಗಿನ್‌ಡಿ ಸಾಧನವನ್ನು ತೆರೆದು, ತೆರೆದ ಹಿಡಿಕೆಯನ್ನು ಡಿಬಸ್ ಮೂಲಕ ಎಕ್ಸ್‌ಗೆ ಕೊಡುತ್ತದೆ. ಟಿಟಿವೈ ಬದಲಿಸಿದಾಗ ವಾಪಸ್ ಕೇಳುತ್ತದೆ, ಮರಳಿ ಬಂದಾಗ ಮತ್ತೆ ಕೊಡುತ್ತದೆ.

ಈಗ ಲಾಗಿನ್‌ಡಿ ರೀಸ್ಟಾರ್ಟ್ ಆದರೆ? ಬಸ್ ಮೇಲೆ ಅದರ ಹೆಸರು ಒಂದು ಕ್ಷಣ ಮಾಯವಾಗುತ್ತದೆ. ಎಕ್ಸ್ ಸರ್ವರ್ ಆ ಹೆಸರಿನ ಮೇಲೆ ಸದಾ ಕಣ್ಣಿಟ್ಟಿರುತ್ತದೆ. ಹೆಸರು ಹೋದದ್ದು ಕಂಡ ಕೂಡಲೇ ‘ಸಿಸ್ಟಮ್‌ಡಿ-ಲಾಗಿನ್‌ಡಿ ಡಿಸಪಿಯರ್ಡ್’ ಎಂಬ ಸಾಲು ಬರೆದು, ಫೇಟಲ್ ಎರರ್ ಎಂದು ತಾನೇ ನಿಂತುಬಿಡುತ್ತದೆ. ಅಂದರೆ ಇದನ್ನು ಕ್ರ್ಯಾಶ್ ಎಂದು ಕರೆದರೂ ಎಕ್ಸ್ ಬೇಕೆಂದೇ ನಿರ್ಗಮಿಸಿರುತ್ತದೆ. ಸಾಧನ ಕೊಟ್ಟವನೇ ಇಲ್ಲದ ಮೇಲೆ ಮುಂದುವರಿಯುವುದು ಅಪಾಯ ಎಂಬುದು ಅದರ ಲೆಕ್ಕ. ಎಕ್ಸ್ ಹೋದ ಮೇಲೆ ಅದರ ಮೇಲಿದ್ದ ಬ್ರೌಸರ್, ಆಫೀಸ್, ಟರ್ಮಿನಲ್ ಯಾವುದೂ ಉಳಿಯುವುದಿಲ್ಲ.

ಡಿಬಸ್ ರೀಸ್ಟಾರ್ಟ್ ಆದರೆ ಇನ್ನೂ ಕಷ್ಟ. ಲಾಗಿನ್‌ಡಿ, ಪೋಲ್‌ಕಿಟ್, ಜಿಡಿಎಂ, ನೆಟ್‌ವರ್ಕ್‌ಮ್ಯಾನೇಜರ್ ಎಲ್ಲವೂ ಮಾತಾಡುವುದು ಅದೇ ಬಸ್ ಮೇಲೆ, ಎಲ್ಲರ ಕೊಂಡಿಯೂ ಒಂದೇ ಏಟಿಗೆ ಕಡಿಯುತ್ತದೆ. ಓಡುತ್ತಿರುವ ಸಿಸ್ಟಮ್‌ನಲ್ಲಿ ಸಿಸ್ಟಮ್ ಬಸ್ ರೀಸ್ಟಾರ್ಟ್ ಮಾಡುವುದನ್ನು ಡಿಬಸ್ ಅಭಿವೃದ್ಧಿಕಾರರೇ ಬೆಂಬಲಿಸುವುದಿಲ್ಲ. ಹಾಗಾಗಿ ಡಿಬಸ್ ರೀಸ್ಟಾರ್ಟ್ ಆಗಿದ್ದು ಖಚಿತವಾದರೆ ಬಿಡಿ ಬಿಡಿಯಾಗಿ ರಿಪೇರಿ ಮಾಡುತ್ತ ಕೂರಬೇಡಿ. ಮೇಲಿನ ಪ್ಯಾಕೇಜ್ ಕೆಲಸ ಮುಗಿಸಿ ರೀಬೂಟ್ ಮಾಡಿ, ಅದೇ ಸಮಯ ಉಳಿಸುವ ದಾರಿ. ಸಿಸ್ಟಮ್‌ಸಿಟಿಎಲ್ ರೀಬೂಟ್ ಬಸ್ ಸಿಗುತ್ತಿಲ್ಲ ಎಂದು ಹಟ ಹಿಡಿದರೆ ಸಿಂಕ್ ಕೊಟ್ಟು, ಆಮೇಲೆ ಸುಡೊ ಸಿಸ್ಟಮ್‌ಸಿಟಿಎಲ್ ರೀಬೂಟ್ --ಫೋರ್ಸ್ ಕೊಡಿ.

ಎಕ್ಸ್‌ನ ಬದಲಿಗೆ ಬಂದ ವೇಲ್ಯಾಂಡ್‌ನಲ್ಲೂ ಕಂಪೋಸಿಟರ್ (ವಿಂಡೋಗಳನ್ನು ಜೋಡಿಸಿ ತೋರಿಸುವ ಪ್ರೋಗ್ರಾಂ) ಸಾಧನ ಪಡೆಯುವುದು ಇದೇ ಲಾಗಿನ್‌ಡಿಯಿಂದ. ಪರಿಣಾಮ ಮಾತ್ರ ಕಂಪೋಸಿಟರ್ ಮತ್ತು ಅದರ ಆವೃತ್ತಿಯನ್ನು ನೋಡಿಕೊಂಡಿರುತ್ತದೆ: ಒಂದು ಸುಧಾರಿಸಿಕೊಳ್ಳುತ್ತದೆ, ಇನ್ನೊಂದರಲ್ಲಿ ಚಿತ್ರ ಇದ್ದು ಮೌಸ್ ಸತ್ತಿರುತ್ತದೆ, ಮತ್ತೊಂದರಲ್ಲಿ ಸೆಷನ್ನೇ ಮುಗಿಯುತ್ತದೆ. ಗ್ನೋಮ್ ವೇಲ್ಯಾಂಡ್‌ನಲ್ಲಿ ಗ್ನೋಮ್ ಶೆಲ್ಲೇ ಡಿಸ್‌ಪ್ಲೇ ಸರ್ವರ್ ಕೂಡ ಆಗಿರುವುದರಿಂದ ಅದು ಬಿದ್ದರೆ ಸೇವ್ ಮಾಡದ ಕೆಲಸ ಅಲ್ಲಿಗೇ ಹೋಯಿತು.

ಇನ್ನು ಜಿಡಿಎಂ, ಎಸ್‌ಡಿಡಿಎಂ, ಲೈಟ್‌ಡಿಎಂ ಈ ಡಿಸ್‌ಪ್ಲೇ ಮ್ಯಾನೇಜರ್‌ಗಳನ್ನು ರೀಸ್ಟಾರ್ಟ್ ಮಾಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸೆಷನ್ ಹುಟ್ಟಿಸಿದ್ದೇ ಅದು.

ಸಾಧನಗಳನ್ನು ಗುರುತಿಸುವ ಯೂಡೆವ್ ವಿಷಯ ಸ್ವಲ್ಪ ಬೇರೆ. ಸಿಸ್ಟಮ್‌ಡಿ-ಯೂಡೆವ್‌ಡಿಯನ್ನು ಮಾತ್ರ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಸಿಸ್ಟಮ್‌ಡಿ-ಯೂಡೆವ್-ಟ್ರಿಗರ್ ಓಡಿದರೆ ಈಗಾಗಲೇ ಇರುವ ಸಾಧನಗಳೆಲ್ಲ ಹೊಸದಾಗಿ ಬಂದಂತೆ ಸುದ್ದಿ ಹರಡುತ್ತದೆ. 2016ರ ಅಕ್ಟೋಬರ್‌ನಲ್ಲಿ ಫೆಡೋರಾ 24 ಬಳಕೆದಾರರಿಗೆ ತಟ್ಟಿದ್ದು ಇದೇ. ಅಪ್‌ಡೇಟ್ ಮಧ್ಯೆ ಸಿಸ್ಟಮ್‌ಡಿ-ಯೂಡೆವ್ ಪ್ಯಾಕೇಜ್ ಆ ಸರ್ವಿಸನ್ನು ರೀಸ್ಟಾರ್ಟ್ ಮಾಡುತ್ತಿತ್ತು, ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎಕ್ಸ್ ಬೀಳುತ್ತಿತ್ತು, ಅದರೊಂದಿಗೆ ಟರ್ಮಿನಲ್, ಅದರೊಳಗಿದ್ದ ಡಿಎನ್‌ಎಫ್. ಡೆಸ್ಕ್‌ಟಾಪ್ ಒಳಗಿನ ಟರ್ಮಿನಲ್‌ನಲ್ಲಿ ಅಪ್‌ಡೇಟ್ ಮಾಡಬೇಡಿ ಎಂದು ಆಗ ಫೆಡೋರಾ ಕಡೆಯಿಂದಲೇ ಎಚ್ಚರಿಕೆ ಬಂತು.

ಲಾಗ್‌ನಲ್ಲಿ ಏನು ಹುಡುಕಬೇಕು

ಊಹೆ ಸಾಕು, ಗಡಿಯಾರ ನೋಡಿ. ಸ್ಕ್ರೀನ್ ಹೋದ ನಿಮಿಷ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಸುಡೊ ಜರ್ನಲ್‌ಸಿಟಿಎಲ್ -ಬಿ --ಸಿನ್ಸ್ "14:05" --ಅಂಟಿಲ್ "14:08"

ಸಮಯವನ್ನು ನಿಮ್ಮದಕ್ಕೆ ಬದಲಿಸಿಕೊಳ್ಳಿ. ಈಗಾಗಲೇ ರೀಬೂಟ್ ಆಗಿದ್ದರೆ -ಬಿ ಬದಲು -ಬಿ -1, ಅಂದರೆ ಹಿಂದಿನ ಬೂಟ್. ಇದು ಸಿಗಬೇಕಾದರೆ /ವರ್/ಲಾಗ್/ಜರ್ನಲ್ ಫೋಲ್ಡರ್ ಇರಬೇಕು. ಉಬುಂಟು, ಫೆಡೋರಾ, 11ರಿಂದ ಮುಂದಿನ ಡೆಬಿಯನ್ ಇವುಗಳಲ್ಲಿ ಇದ್ದೇ ಇರುತ್ತದೆ.

ಆ ಎರಡು ಮೂರು ನಿಮಿಷದಲ್ಲಿ ಯಾವುದು ಮೊದಲು ನಿಂತಿತು ಎಂಬುದೇ ಮುಖ್ಯ. ‘ಸ್ಟಾಪಿಂಗ್’ ಎಂದು ಶುರುವಾಗುವ ಮೊದಲ ಸಾಲಿನಲ್ಲಿ ಯಾರ ಹೆಸರಿದೆ? ಅದರ ನಂತರದ ಸಾಲುಗಳಲ್ಲಿ ಕೂಗಾಡುವವರು ಬಹಳ: ಗ್ನೋಮ್ ಶೆಲ್, ಪಲ್ಸ್‌ಆಡಿಯೋ, ಎವಲ್ಯೂಷನ್, ಕೊನೆಗೆ ಗಡಿಯಾರದ ಆ್ಯಪ್ಲೆಟ್ ಕೂಡ. ಡಿಸ್‌ಪ್ಲೇ ಹೋದದ್ದಕ್ಕೆ ಅವು ಅಳುತ್ತಿರುತ್ತವೆ ಅಷ್ಟೆ. ಕೊನೆಯ ಕೆಂಪು ಸಾಲನ್ನು ಹಿಡಿದುಕೊಂಡು ಅದಕ್ಕೇ ಪರಿಹಾರ ಹುಡುಕಿ ದಿನಗಟ್ಟಲೆ ಕಳೆಯುವವರೇ ಹೆಚ್ಚು.

ಎಕ್ಸ್ ಸರ್ವರ್ ಲಾಗ್ ಎರಡು ಕಡೆ ಇರಬಹುದು. ರೂಟ್ ಆಗಿ ಓಡಿದ್ದರೆ /ವರ್/ಲಾಗ್/ಎಕ್ಸ್‌ಆರ್ಗ್.0.ಲಾಗ್ (ಇದರ ಎಕ್ಸ್ ಕ್ಯಾಪಿಟಲ್), ಬಳಕೆದಾರನಾಗಿ ಓಡಿದ್ದರೆ ನಿಮ್ಮ ಹೋಮ್ ಒಳಗಿನ .ಲೋಕಲ್/ಶೇರ್/ಎಕ್ಸ್‌ಆರ್ಗ್ ಫೋಲ್ಡರ್. ಎಕ್ಸ್ ಮತ್ತೆ ಶುರುವಾದಾಗಲೆಲ್ಲ ಹಿಂದಿನ ಲಾಗ್ .ಓಲ್ಡ್ ಎಂಬ ಬಾಲ ಹೊತ್ತು ಪಕ್ಕಕ್ಕೆ ಸರಿಯುತ್ತದೆ. ಎರಡು ಸಲ ಶುರುವಾದರೆ ನಿಮಗೆ ಬೇಕಾದ್ದು ಅಳಿಸಿಹೋಗಿರುತ್ತದೆ, ಆದ್ದರಿಂದ ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ. ಜಿಡಿಎಂ ಬಳಸುವವರಿಗೆ ಇದೇ ಸಾಲುಗಳು ಜರ್ನಲ್‌ನಲ್ಲಿ ಜಿಡಿಎಂ-ಎಕ್ಸ್-ಸೆಷನ್ ಹೆಸರಿನಲ್ಲೂ ಸಿಗುತ್ತವೆ. ಆವರಣದೊಳಗೆ ಎರಡು ಕ್ಯಾಪಿಟಲ್ ಇ ಇರುವ ಸಾಲು ದೋಷ, ಎರಡು ಡಬ್ಲ್ಯೂ ಇರುವುದು ಬರಿಯ ಎಚ್ಚರಿಕೆ. ಡಬ್ಲ್ಯೂಗಳನ್ನು ಕಂಡು ಹೆದರಬೇಡಿ, ಆರೋಗ್ಯವಾಗಿರುವ ಸಿಸ್ಟಮ್‌ನಲ್ಲೂ ಅವು ಒಂದಷ್ಟು ಇದ್ದೇ ಇರುತ್ತವೆ.

ಲೈಟ್‌ಡಿಎಂ ಆದರೆ /ವರ್/ಲಾಗ್/ಲೈಟ್‌ಡಿಎಂ ಫೋಲ್ಡರ್. ಪ್ರೋಗ್ರಾಂ ನಿಜಕ್ಕೂ ಕ್ರ್ಯಾಶ್ ಆಗಿ ಬಿದ್ದಿದ್ದರೆ, ಸಿಸ್ಟಮ್‌ಡಿ-ಕೋರ್‌ಡಂಪ್ ಹಾಕಿಕೊಂಡವರಿಗೆ ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ತೋರಿಸುತ್ತದೆ. ಅಲ್ಲಿ ಏನೂ ಇಲ್ಲದೆ ಲಾಗ್‌ನಲ್ಲಿ ‘ಡಿಸಪಿಯರ್ಡ್’ ಸಾಲು ಇದ್ದರೆ ಮೇಲೆ ಹೇಳಿದ ಕಥೆಯೇ.

ಜರ್ನಲ್‌ಸಿಟಿಎಲ್ -ಕೆ -ಬಿ ಕೊಟ್ಟು ಕರ್ನಲ್ ಸಾಲುಗಳನ್ನೂ ಒಮ್ಮೆ ನೋಡಿ. ಐ915 ಜಿಪಿಯು ಹ್ಯಾಂಗ್ ಎಂದೋ, ಎಎಂಡಿಜಿಪಿಯು ರಿಂಗ್ ಟೈಮ್‌ಔಟ್ ಎಂದೋ, ಔಟ್ ಆಫ್ ಮೆಮೊರಿ ಎಂದೋ ಕಂಡರೆ ಸರ್ವಿಸ್ ರೀಸ್ಟಾರ್ಟ್ ಕಾಕತಾಳೀಯ. ತೊಂದರೆ ಬೇರೆ ಕಡೆ ಇದೆ.

ಮತ್ತೆ ಎಬ್ಬಿಸುವುದು

ಲಾಗಿನ್‌ಡಿ ಅಥವಾ ಡಿಸ್‌ಪ್ಲೇ ಮ್ಯಾನೇಜರ್ ಮಾತ್ರ ರೀಸ್ಟಾರ್ಟ್ ಆಗಿದ್ದರೆ ರೀಬೂಟ್ ಇಲ್ಲದೆಯೂ ಮರಳಿ ತರಬಹುದು. ಮೊದಲು ಸತ್ತ ಸೆಷನ್‌ಗಳನ್ನು ತೆರವು ಮಾಡಿ:

ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್

ಪಟ್ಟಿಯಲ್ಲಿ ಟಿಟಿವೈ3 ಎಂದಿರುವುದು ನೀವು ಈಗ ಕೂತಿರುವ ಸೆಷನ್, ಅದನ್ನು ಮುಟ್ಟಬೇಡಿ. ಟಿಟಿವೈ2 ಎಂದಿರುವ ಹಳೆಯ ಗ್ರಾಫಿಕಲ್ ಸೆಷನ್ನಿನ ಸಂಖ್ಯೆ 4 ಆಗಿದ್ದರೆ:

ಸುಡೊ ಲಾಗಿನ್‌ಸಿಟಿಎಲ್ ಟರ್ಮಿನೇಟ್-ಸೆಷನ್ 4

ಇದನ್ನು ಬಿಟ್ಟರೆ ಹಳೆಯ ಸೆಷನ್ ‘ಕ್ಲೋಸಿಂಗ್’ ಸ್ಥಿತಿಯಲ್ಲಿ ಸಿಕ್ಕಿಕೊಂಡು, ಹೊಸದಾಗಿ ಲಾಗಿನ್ ಆದಾಗ ಕಪ್ಪು ಸ್ಕ್ರೀನ್ ಮೇಲೆ ಬಾಣದ ಗುರುತು ಮಾತ್ರ ಕಾಣುವುದುಂಟು. ನಂತರ:

ಸುಡೊ ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್
ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಡಿಸ್‌ಪ್ಲೇ-ಮ್ಯಾನೇಜರ್

ಜಿಡಿಎಂ ಆಗಲಿ ಎಸ್‌ಡಿಡಿಎಂ ಆಗಲಿ, ಡಿಸ್‌ಪ್ಲೇ-ಮ್ಯಾನೇಜರ್ ಎಂಬ ಹೆಸರು ನಿಮ್ಮಲ್ಲಿರುವುದಕ್ಕೇ ತೋರಿಸುತ್ತದೆ. ರೀಸೆಟ್-ಫೇಲ್ಡ್ ಬೇಕಾಗುವುದು ಯಾಕೆಂದರೆ, ಬೇರೆ ಹೇಳಿರದಿದ್ದಲ್ಲಿ 10 ಸೆಕೆಂಡಿನೊಳಗೆ 5 ಸಲ ಶುರುವಾಗಿ ಬಿದ್ದ ಸರ್ವಿಸನ್ನು ಸಿಸ್ಟಮ್‌ಡಿ ಮತ್ತೆ ಶುರು ಮಾಡುವುದಿಲ್ಲ. ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’ ಎಂಬುದು ಆ ಲೆಕ್ಕ ತುಂಬಿದ ಸುದ್ದಿ ಮಾತ್ರ, ನಿಜವಾದ ಕಾರಣ ಅದಕ್ಕಿಂತ ಮೇಲಿನ ಸಾಲುಗಳಲ್ಲಿದೆ.

ಸ್ಕ್ರೀನ್ ಮಿನುಗುತ್ತ, ನೀವು ಟಿಟಿವೈ3ಕ್ಕೆ ಹೋದರೂ ಎಳೆದು ವಾಪಸ್ ತರುತ್ತಿದ್ದರೆ ಡಿಸ್‌ಪ್ಲೇ ಮ್ಯಾನೇಜರ್ ಬಿದ್ದು ಏಳುವ ಸುತ್ತಿನಲ್ಲಿದೆ. ಎಸ್‌ಎಸ್‌ಎಚ್‌ನಿಂದ ಅದನ್ನು ಸ್ಟಾಪ್ ಮಾಡಿ. ಆಗದಿದ್ದರೆ ರೀಬೂಟ್ ಮಾಡಿ, ಗ್ರಬ್ ಮೆನು (ಬೂಟ್ ಆರಂಭದ ಪಟ್ಟಿ) ಬರಲು ಯುಇಎಫ್‌ಐ ಗಣಕದಲ್ಲಿ ಎಸ್ಕೇಪ್, ಹಳೆಯ ಬಯಾಸ್‌ನಲ್ಲಿ ಶಿಫ್ಟ್ ಒತ್ತಿ. ಇ ಒತ್ತಿ ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 3 ಎಂದು ಬರೆದು ಎಫ್10 ಒತ್ತಿ. ಗ್ರಾಫಿಕಲ್ ಭಾಗ ಶುರುವಾಗದೆ ಬರಿಯ ಟಿಟಿವೈ ಬರುತ್ತದೆ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ನೋಮೋಡ್‌ಸೆಟ್ ಸೇರಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಡ್ರೈವರ್‌ನಿಂದಾಗಿ ಟಿಟಿವೈಯೂ ಕಾಣದಿದ್ದಾಗ ಅದು ಉಪಯೋಗ, ಲಾಗಿನ್‌ಡಿ ಸಮಸ್ಯೆಗೆ ಅದರಿಂದ ಏನೂ ಆಗದು.

ಎನ್‌ವಿಡಿಯಾ ಇದ್ದವರಿಗೆ

ಡಿಸ್‌ಪ್ಲೇ ಮ್ಯಾನೇಜರ್ ಏಳಲು ಒಪ್ಪದೆ, ಅದೇ ಅಪ್‌ಡೇಟ್‌ನಲ್ಲಿ ಎನ್‌ವಿಡಿಯಾ ಡ್ರೈವರ್ ಕೂಡ ಬದಲಾಗಿದ್ದರೆ ಎನ್‌ವಿಡಿಯಾ-ಎಸ್‌ಎಂಐ ಕೊಟ್ಟು ನೋಡಿ. ‘ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ಎಂದರೆ ಡಿಸ್ಕ್ ಮೇಲಿನ ಲೈಬ್ರರಿ ಹೊಸದು, ಮೆಮೊರಿಯಲ್ಲಿರುವ ಕರ್ನಲ್ ಮಾಡ್ಯೂಲ್ ಹಳೆಯದು. ಹಳೆಯ ಸೆಷನ್ ಹಳೆಯ ಲೈಬ್ರರಿ ಹಿಡಿದು ಓಡುತ್ತಿತ್ತು, ರೀಸ್ಟಾರ್ಟ್ ಮಾಡುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ರೀಬೂಟ್ ಮಾಡಿದರೆ ಸರಿಹೋಗುತ್ತದೆ. ಮಾಡುವಂತಿಲ್ಲವಾದರೆ ಡಿಸ್‌ಪ್ಲೇ ಮ್ಯಾನೇಜರ್ ನಿಲ್ಲಿಸಿ, ಎನ್‌ವಿಡಿಯಾ_ಡಿಆರ್‌ಎಂ, ಎನ್‌ವಿಡಿಯಾ_ಮೋಡ್‌ಸೆಟ್, ಎನ್‌ವಿಡಿಯಾ_ಯುವಿಎಂ, ಕೊನೆಗೆ ಎನ್‌ವಿಡಿಯಾ ಈ ಕ್ರಮದಲ್ಲಿ ಸುಡೊ ಆರ್‌ಎಂಮಾಡ್ ಮಾಡಿ, ಆಮೇಲೆ ಮಾಡ್‌ಪ್ರೋಬ್‌ನಿಂದ ಮರಳಿ ಹಾಕಿ. ‘ಇನ್ ಯೂಸ್’ ಎಂದರೆ ಯಾವುದೋ ಪ್ರಕ್ರಿಯೆ ಇನ್ನೂ ಕಾರ್ಡ್ ಹಿಡಿದಿದೆ.

ರೀಬೂಟ್ ಆದರೂ ಬರದಿದ್ದರೆ ಡಿಕೆಎಂಎಸ್ ಸ್ಟೇಟಸ್ (ಮಾಡ್ಯೂಲ್ ಕಟ್ಟಿದ ಸ್ಥಿತಿ) ನೋಡಿ, ಈಗ ಓಡುತ್ತಿರುವ ಕರ್ನಲ್‌ಗೆ ‘ಇನ್‌ಸ್ಟಾಲ್ಡ್’ ಎಂದಿರಬೇಕು. ಇಲ್ಲವೆಂದರೆ ಆ ಕರ್ನಲ್‌ನ ಲಿನಕ್ಸ್-ಹೆಡರ್ಸ್ ಪ್ಯಾಕೇಜ್ ಬಂದಿಲ್ಲ, ಅಥವಾ ಮಾಡ್ಯೂಲ್ ಕಟ್ಟುವಾಗ ಸೋತಿದೆ. ಕಟ್ಟಿದ್ದರೂ ‘ಕೀ ವಾಸ್ ರಿಜೆಕ್ಟೆಡ್’ ಎಂದು ಮಾಡ್‌ಪ್ರೋಬ್ ಹೇಳಿದರೆ ಸೆಕ್ಯೂರ್ ಬೂಟ್ ಆನ್ ಇದೆ, ಮಾಡ್ಯೂಲ್‌ನ ಸಹಿಗೆ ಒಪ್ಪಿಗೆ ಸಿಕ್ಕಿಲ್ಲ. ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್ ಇದನ್ನು ಖಚಿತ ಮಾಡುತ್ತದೆ.

ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಲಾಗಿನ್ ಪುಟಕ್ಕೇ ಬರುವುದಾದರೆ ಎರಡು ವಿಷಯ ಪರೀಕ್ಷಿಸಿ. ಡಿಎಫ್ -ಎಚ್ ಕೊಟ್ಟು ಡಿಸ್ಕ್ ತುಂಬಿದೆಯೇ ನೋಡಿ. ತುಂಬಿದ್ದರೆ ಸುಡೊ ಆಪ್ಟ್ ಕ್ಲೀನ್ ಮತ್ತು ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ ಒಂದಿಷ್ಟು ಜಾಗ ಬಿಡಿಸಿಕೊಡುತ್ತವೆ, ಈ ಎಂ ಕ್ಯಾಪಿಟಲ್. ಇನ್ನೊಂದು, ಹೋಮ್ ಒಳಗಿನ .ಎಕ್ಸ್‌ಅಥಾರಿಟಿ (ಎಕ್ಸ್ ಕ್ಯಾಪಿಟಲ್) ಕಡತದ ಒಡೆಯ ರೂಟ್ ಆಗಿದ್ದರೆ, ಗಾಬರಿಯಲ್ಲಿ ಯಾರೋ ಸುಡೊ ಸ್ಟಾರ್ಟ್‌ಎಕ್ಸ್ ಕೊಟ್ಟಿದ್ದಾರೆ. ಕಡತವನ್ನು ಅಳಿಸಿ, ಅದು ಹೊಸದಾಗಿ ಹುಟ್ಟುತ್ತದೆ.

ಮುಂದಿನ ಸಲಕ್ಕೆ

ಸಿಯುಪಿಎಸ್, ಬ್ಲೂಟೂತ್, ಕ್ರಾನ್, ಎಸ್‌ಎಸ್‌ಎಚ್, ಸಿಸ್ಟಮ್‌ಡಿ-ರಿಸಾಲ್ವ್‌ಡಿ, ಟೈಮ್‌ಸಿಂಕ್‌ಡಿ ಇವನ್ನು ಡೆಸ್ಕ್‌ಟಾಪ್‌ನಲ್ಲಿ ಕೂತೇ ರೀಸ್ಟಾರ್ಟ್ ಮಾಡಬಹುದು. ನೆಟ್‌ವರ್ಕ್‌ಮ್ಯಾನೇಜರ್ ಆದರೆ ವೈಫೈ ಒಂದೆರಡು ಸೆಕೆಂಡ್ ಹೋಗಿ ಬರುತ್ತದೆ. ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ಡೀಮನ್-ರೀಎಕ್ಸೆಕ್ ಎರಡೂ ಸೆಷನ್‌ಗೆ ಅಪಾಯವಿಲ್ಲ. ಮುಟ್ಟಬಾರದವು: ಡಿಬಸ್, ಡಿಬಸ್-ಬ್ರೋಕರ್, ಸಿಸ್ಟಮ್‌ಡಿ-ಲಾಗಿನ್‌ಡಿ, ಡಿಸ್‌ಪ್ಲೇ ಮ್ಯಾನೇಜರ್, ಯೂಸರ್@1000. ಇವಕ್ಕೆ ರೀಬೂಟೇ ರೀಸ್ಟಾರ್ಟ್ ಎಂದು ಇಟ್ಟುಕೊಳ್ಳಿ. ಡಿಬಸ್‌ನ ಕಾನ್ಫಿಗ್ ಮಾತ್ರ ಬದಲಾಗಿದ್ದರೆ ರೀಸ್ಟಾರ್ಟ್ ಅಲ್ಲ, ರೀಲೋಡ್ ಸಾಕು.

ಮುಚ್ಚಳದ ಸಾಲು ಬದಲಿಸಿದವರು ಲಾಗಿನ್‌ಡಿಗೆ ಹೀಗೆ ಸುದ್ದಿ ಮುಟ್ಟಿಸಿ:

ಸುಡೊ ಸಿಸ್ಟಮ್‌ಸಿಟಿಎಲ್ ಕಿಲ್ -ಎಸ್ ಹಪ್ ಸಿಸ್ಟಮ್‌ಡಿ-ಲಾಗಿನ್‌ಡಿ

ಹಪ್ ಎಂಬ ಮೂರಕ್ಷರ ಕ್ಯಾಪಿಟಲ್. ಕಿಲ್ ಎಂದಿದ್ದರೂ ಇದು ಯಾರನ್ನೂ ಕೊಲ್ಲುವುದಿಲ್ಲ. ಕಾನ್ಫಿಗ್ ಮತ್ತೆ ಓದು ಎಂಬ ಸಂಕೇತ ಕಳಿಸುತ್ತದೆ, ಅಷ್ಟೆ. ಕನ್ನಡ ಟೈಪಿಂಗ್ ಸಿಕ್ಕಿಕೊಂಡಿತು ಎಂದು ಲಾಗ್‌ಔಟ್ ಮಾಡುವವರಿಗೂ ಇಂಥದೇ ಸಣ್ಣ ದಾರಿ ಇದೆ: ಐಬಸ್ ರೀಸ್ಟಾರ್ಟ್ ಎಂದು ಟರ್ಮಿನಲ್‌ನಲ್ಲಿ ಕೊಟ್ಟರೆ ಸಾಕು, ಸುಡೊ ಬೇಡ. ಹೆಸರಿನಲ್ಲಿ ಬಸ್ ಇದೆಯೆಂದು ಡಿಬಸ್‌ಗೆ ಕೈ ಹಾಕಬೇಡಿ. ಎಕ್ಸ್ ಮೇಲಿನ ಗ್ನೋಮ್‌ನಲ್ಲಿ ಶೆಲ್ ಮಾತ್ರ ಜಡವಾಗಿದ್ದರೆ ಆಲ್ಟ್+ಎಫ್2 ಒತ್ತಿ ಆರ್ ಕೊಡಿ, ವಿಂಡೋಗಳು ಹಾಗೇ ಉಳಿಯುತ್ತವೆ. ವೇಲ್ಯಾಂಡ್‌ನಲ್ಲಿ ಈ ಸೌಲಭ್ಯ ಇಲ್ಲ.

ದೊಡ್ಡ ಅಪ್‌ಡೇಟನ್ನು ಟಿಟಿವೈ3ರಲ್ಲಿ ಲಾಗಿನ್ ಆಗಿ ಮಾಡಿ. ವಿಂಡೋ ಮುಚ್ಚಿದರೂ ಒಳಗಿನ ಕೆಲಸ ಉಳಿಸುವ ಟಿಮಕ್ಸ್ ಒಳಗೆ ಓಡಿಸಿದರೆ ಸಾಕಲ್ಲವೇ ಎಂಬುದಕ್ಕೆ ಉತ್ತರ: ಯಾವಾಗಲೂ ಸಾಕಾಗುವುದಿಲ್ಲ. ಗ್ನೋಮ್ ಟರ್ಮಿನಲ್‌ನಲ್ಲಿ ಶುರು ಮಾಡಿದ ಟಿಮಕ್ಸ್ ನಿಮ್ಮ ಯೂಸರ್@1000 ಸರ್ವಿಸಿನ ಅಡಿಯಲ್ಲಿರುತ್ತದೆ. ಗ್ರಾಫಿಕಲ್ ಸೆಷನ್ ಹೋಗಿ, ನಿಮ್ಮ ಬೇರೆ ಯಾವ ಲಾಗಿನ್ನೂ ಇಲ್ಲದಿದ್ದರೆ, 10 ಸೆಕೆಂಡ್ ಕಾದು ಸಿಸ್ಟಮ್‌ಡಿ ಆ ಸರ್ವಿಸನ್ನೇ ನಿಲ್ಲಿಸುತ್ತದೆ, ಜೊತೆಗೆ ಟಿಮಕ್ಸ್ ಮತ್ತು ಅದರೊಳಗಿನ ಆಪ್ಟ್. ಸುಡೊ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಎಂದು ನಿಮ್ಮ ಯೂಸರ್ ಹೆಸರಿನೊಂದಿಗೆ ಒಮ್ಮೆ ಕೊಟ್ಟಿದ್ದರೆ ಹೀಗಾಗುವುದಿಲ್ಲ. ಫೆಡೋರಾದವರಿಗೆ ಡಿಎನ್‌ಎಫ್ ಅಪ್‌ಗ್ರೇಡ್ --ಆಫ್‌ಲೈನ್, ಆಮೇಲೆ ಡಿಎನ್‌ಎಫ್ ಆಫ್‌ಲೈನ್ ರೀಬೂಟ್ ಇದೆ: ಡೆಸ್ಕ್‌ಟಾಪ್ ಏಳುವ ಮೊದಲೇ ಅಪ್‌ಡೇಟ್ ನಡೆಯುತ್ತದೆ.

ನೀಡ್‌ರೀಸ್ಟಾರ್ಟ್‌ನ ಕಾಟ ಬೇಡವೆನ್ನುವವರು ಅದನ್ನು ತೆಗೆದುಹಾಕಬೇಕಿಲ್ಲ, ಪಟ್ಟಿ ಕೊಡುವುದಕ್ಕಷ್ಟೇ ಸೀಮಿತ ಮಾಡಿದರೆ ಸಾಕು:

ಸುಡೊ ನೀಡ್‌ರೀಸ್ಟಾರ್ಟ್_ಮೋಡ್=ಎಲ್ ಆಪ್ಟ್ ಅಪ್‌ಗ್ರೇಡ್

ಸಮ ಚಿಹ್ನೆಯ ಎಡಗಡೆಯದೆಲ್ಲ ಕ್ಯಾಪಿಟಲ್, ನಡುವೆ ಅಂಡರ್‌ಸ್ಕೋರ್, ಬಲಗಡೆ ಸಣ್ಣ ಎಲ್. ಶಾಶ್ವತವಾಗಿ ಬೇಕಿದ್ದರೆ /ಇಟಿಸಿ/ನೀಡ್‌ರೀಸ್ಟಾರ್ಟ್/ನೀಡ್‌ರೀಸ್ಟಾರ್ಟ್.ಕಾನ್ಫ್ ಕಡತದಲ್ಲಿ ರೀಸ್ಟಾರ್ಟ್ ಎಂಬ ಸಾಲಿನ ಮುಂದಿನ ಹ್ಯಾಷ್ ತೆಗೆದು, ಉದ್ಧರಣ ಚಿಹ್ನೆಯೊಳಗೆ ಅದೇ ಎಲ್ ಹಾಕಿ. ಕಡತ ಪರ್ಲ್ ಭಾಷೆಯಲ್ಲಿದೆ. ಸಾಲಿನ ಕೊನೆಯ ಸೆಮಿಕೋಲನ್ ಅಳಿದರೆ ಮುಂದಿನ ಅಪ್‌ಡೇಟ್‌ನಲ್ಲಿ ನೀಡ್‌ರೀಸ್ಟಾರ್ಟ್ ದೋಷ ಕೊಟ್ಟು ನಿಲ್ಲುತ್ತದೆ. ಆದ್ದರಿಂದ ಸೇವ್ ಮಾಡಿದ ಮೇಲೆ ಸುಡೊ ಪರ್ಲ್ -ಸಿ ಕೊಟ್ಟು ಆ ಕಡತವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ.